ಮಹಾಪ್ರಾಣ

ಮಾರ್ಕೆಟ್ಟಿನ ಹತ್ತಿರ ಹೆರಿಗೆ ಆಸ್ಪತ್ರೆ, ಬೆಂಚಿನ ತುದಿ.
ಸುತ್ತ ತುಂಬು ಬಸುರಿಯರು. ನನ್ನ ಚೀಟಿ ನಂಬರು ನಲವತ್ತೊಂಬತ್ತು,
ವಯಸ್ಸೂ ಅಷ್ಟೇ,
ಯಾರೋ ಮುಖ ನೋಡಿ ಬರೆದುಕೊಟ್ಟ ಹಾಗೆ.
ಎದುರು ಗೋಡೆಯಲ್ಲಿ ಪೋಸ್ಟರು:
'ಋತುಬಂದ: ಹೆದರಬೇಡಿ.'

ನೋಡಿದೆ. ಮತ್ತೆ ನೋಡಿದೆ.
ಧ ಆಗಬೇಕಿತ್ತು, ದ ಆಗಿದೆ.
ಹೊಟ್ಟೆ ಸೀಳಲು ಮರೆತಿದ್ದಾರೆ.

ಇಪ್ಪತ್ತಾರು ವರ್ಷ ಸುಲ್ತಾನ್‌ಪೇಟೆಯ ಪ್ರೆಸ್ಸಿನಲ್ಲಿ
ಕರಡು ತಿದ್ದಿದ ಕೈ ಇದು.
ಲಗ್ನಪತ್ರಿಕೆ, ವೈಕುಂಠ ಸಮಾರಾಧನೆಯ ಕಾರ್ಡು,
ಎರಡರ ನಡುವೆ ಬಿಡುವಿದ್ದಾಗ ಕಾದಂಬರಿ.
ಚೀಲದಲ್ಲಿ ಕೆಂಪು ಪೆನ್ನು ಇದ್ದೇ ಇರುತ್ತದೆ;
ಈಚೆಗೆ ಅದರ ಜೊತೆ ಬೀಸಿಕೊಳ್ಳಲು ಒಂದು ರಟ್ಟು,
ಬಂದರೆ ಇರಲಿ ಅಂತ ಒಂದು ಪ್ಯಾಡು.

ಐದು ತಿಂಗಳು ಸುಳಿವೇ ಇರಲಿಲ್ಲ. ಆಮೇಲೊಂದು ದಿನ
ಫ್ಲೈಓವರಿನ ಮೇಲೆ ಬಸ್ಸು ನಿಂತಿದ್ದಾಗ
ಸಾಲ ವಸೂಲಿಗೆ ಬಂದವರಂತೆ ಐದೂ ತಿಂಗಳದ್ದು ಒಟ್ಟಿಗೆ.
ಕಂಡಕ್ಟರು ನೋಡಿಯೂ ನೋಡದವನಂತೆ
ಬಾಗಿಲು ತೆಗೆಸಿದ.

ರಾತ್ರಿ ಮೂರಕ್ಕೆ ಕಿವಿಯ ಹಿಂದೆ ಯಾರೋ ಒಲೆ ಹಚ್ಚುತ್ತಾರೆ.
ಫ್ಯಾನು ಐದಕ್ಕಿಟ್ಟರೆ ಶಾಂತರಾಜು ಎದ್ದು ಎರಡಕ್ಕಿಳಿಸುತ್ತಾನೆ.
'ಜನವರಿ ಕಣೇ.'
ಜನವರಿ ನಿನಗೆ.
ಮುಟ್ಟು ನಿಲ್ಲುವ ಎಷ್ಟೋ ಮೊದಲು ನಮ್ಮಲ್ಲಿ
ಮುಟ್ಟುವುದು ನಿಂತಿತ್ತು. ಅದಕ್ಕೆ ಪೋಸ್ಟರಿಲ್ಲ.

ಟೆರೇಸಿಗೆ ಹೋಗಿ ನೀರಿನ ಟ್ಯಾಂಕಿಗೆ ಬೆನ್ನು ಒತ್ತಿ ನಿಲ್ಲುತ್ತೇನೆ.
ಹನ್ನೆರಡನೇ ವಯಸ್ಸಿಂದ ತಿಂಗಳಿಗೆ ಮೂರು ದಿನ ಹೊರಗಾಗುತ್ತಿದ್ದವಳು,
ಇನ್ನು ಹೊರಗಾಗುವುದಿಲ್ಲವೆಂದು ಗೊತ್ತಾದ ಮೇಲೆ
ದಿನಾ ಹೊರಗೇ ಇದ್ದೇನೆ.
ಚಾಮರಾಜಪೇಟೆಯನ್ನು ಇಷ್ಟು ಖಾಲಿಯಾಗಿ
ಬಂದ್ ದಿನವೂ ಕಂಡಿರಲಿಲ್ಲ.

ಕಾದಂಬರಿಗಳಲ್ಲಿ ಹುಡುಕಿದೆ.
ಹೋದ ವರ್ಷದ್ದೊಂದರಲ್ಲಿ, ಪುಟ ನೂರ ಹನ್ನೆರಡಕ್ಕೆ
ಅಂಬುಜಾಕ್ಷಿಗೆ ಮೂವತ್ತೆಂಟು, ಮುಡಿಯಲ್ಲಿ ಸಂಪಿಗೆ, ಎದೆಯಲ್ಲಿ ಏನೋ ಅಲೆ.
ನೂರ ಹದಿಮೂರಕ್ಕೆ ಮೊಮ್ಮಗನ ನೆತ್ತಿಗೆ ಎಣ್ಣೆ ಒತ್ತುತ್ತಿದ್ದಾಳೆ.
ಲೇಖಕರಿಗೆ ಫೋನು ಮಾಡಿದೆ:
'ಸಾರ್, ನಡುವೆ ಒಂದು ಫಾರಂ ಬಿಟ್ಟುಹೋಗಿದೆ, ಹದಿನಾರು ಪುಟ.'
'ಸರಿಯಾಗೇ ಇದೆಯಮ್ಮ.
ಕಾಲ ಸರಿಯಿತು ಅಂತ ಒಂದು ಸಾಲು ಇದೆಯಲ್ಲ?'
ಇತ್ತು. ಕಾಗುಣಿತವೂ ಸರಿಯಿತ್ತು.
ಹಾಗೇ ಬಿಟ್ಟೆ.

ಬೈಂಡಿಂಗಿನ ಗುಲ್ಜಾರ್‌ಬಿಗೆ ಮಾತ್ರ ಹೇಳಿದ್ದೆ.
ಬಿದಿರ ಪಟ್ಟಿಯಲ್ಲಿ ಮಡಿಕೆ ಒತ್ತುತ್ತಾ ನಕ್ಕಳು:
'ನಂಗೆ ನಿಂತು ಏಳು ವರ್ಷ ಕಾತ್ಯಾಯಿನಮ್ಮ.
ಈಗ ಮೂವತ್ತಕ್ಕೆ ಮೂವತ್ತು ರೋಜಾ.
ಬಾಕಿ ಇಟ್ಕೊಂಡು ಆಮೇಲೆ ತೀರ್ಸೋದು ಇಲ್ಲ, ಲೆಕ್ಕ ಚುಕ್ತಾ.'
ಎರಡು ಫಾರಂ ಮಡಿಸಿದ ಮೇಲೆ, ಮೆಲ್ಲಗೆ:
'ಮೊದ್ಲನೇ ವರ್ಷ ಮಾತ್ರ ಅತ್ತೆ. ಯಾಕಂತ ಗೊತ್ತಾಗ್ಲಿಲ್ಲ.'

ಅಕ್ಕ ತೆಗೆಸಿಬಿಟ್ಟಳು. ಖಾಲಿ ಚೀಲ ಇಟ್ಕೊಂಡು ಏನ್ಮಾಡ್ತೀರಿ,
ಅಂದಿದ್ದರಂತೆ ಅವಳ ಡಾಕ್ಟರು.
ಕಿಬ್ಬೊಟ್ಟೆಯಲ್ಲಿ ಅಡ್ಡಗೆರೆ ಉಳಿದಿದೆ,
ಬೇಡವಾದ ಪದದ ಮೇಲೆ ನಾನು ಎಳೆಯುವಂಥದ್ದೇ.

'ನಲವತ್ತೊಂಬತ್ತು!'
ಒಳಗೆ ನನ್ನ ಮಗಳ ವಯಸ್ಸಿನ ಹುಡುಗಿ,
ಒಂದೇ ಕಿವಿಯಲ್ಲಿ ಓಲೆ; ಇನ್ನೊಂದು ವಾರ್ಡಿನಲ್ಲೆಲ್ಲೋ ಬಿದ್ದಿರಬೇಕು.
'ತೆಗೆಯೋ ಅಂಥದ್ದೇನಿಲ್ಲ ಅಮ್ಮ. ಕಾಯೋಣ.'
'ಎಷ್ಟು ದಿನ?'
'ಅದು ಹೇಳೋಕಾಗಲ್ಲ.'
ಕಬ್ಬಿಣದ ಮಾತ್ರೆ ಬರೆದಳು, ಓಲೆ ಇಲ್ಲದ ಕಿವಿ ಮುಟ್ಟಿಕೊಂಡಳು.

ಹೊರಗೆ ಬಂದು ಪೆನ್ನು ತೆಗೆದೆ.
ಕಾವಲಿನವನು ಟೀಗೆ ಹೋಗಿದ್ದ.
ಒಂದು ಚಿಕ್ಕ ಗೀಟು ಸಾಕು,
ಅಲ್ಪಪ್ರಾಣ ಮಹಾಪ್ರಾಣವಾಗಲು,
ಋತುವಿಗೆ ಬೀಗ ಬೀಳಲು.
ಗೀಟಿಲ್ಲದೆ ಓದಿದೆ, ಬಿಡಿಸಿ:
ಋತು ಬಂದ
ಋತು ಬಂದ ದಿನವೋ, ಋತು ಬಂದ ಮನೆಯೋ,
ಮುಂದಿನ ಪದ ಇನ್ನೂ ಅಚ್ಚಾಗಿಲ್ಲ.

ಮುಚ್ಚಳ ಹಾಕಿದೆ.
ಗೊತ್ತಿದ್ದೂ ಬಿಟ್ಟ ತಪ್ಪುಗಳಲ್ಲಿ ಇದು ಎರಡನೆಯದು.

ಫುಟ್‌ಪಾತಿನಲ್ಲಿ ಕಲ್ಲಂಗಡಿ ಹೋಳಿನ ಗಾಡಿ.
ಅಲ್ಲಿಗೆ ಬರುವಷ್ಟರಲ್ಲಿ ಮತ್ತೆ ಕುತ್ತಿಗೆಯಿಂದ ಹಬೆ ಏರಿತು.
ನಿಂತೆ. ಉಸಿರು ಬಿಟ್ಟೆ,
ಧ ಅನ್ನಲು ಬೇಕಾಗುವಷ್ಟು.
'ಖಾರ ಹಾಕ್ಲಾ ಅಕ್ಕಾ?'
ಹಾಕು, ಅಂದೆ.
ಇನ್ನೂ.